ಕೊರಳಲ್ಲೊಂದು ಕಾಲಿಂಗ್ ಬೆಲ್

ವಯಸ್ಸಾದವರ ಮನೆಗೆ ಒಂದು ಮಿಷನ್ನು ಹಾಕಿ ಬಂದರೆ, ಆ ಮಿಷನ್ನು ಅವರಿಗೆ ಕೈ ಕೊಡುವುದು ಅಪರೂಪ. ಅವರು ಮಿಷನ್ನಿಗೆ ಕೈ ಕೊಡುವುದು ಮಾತ್ರ ದಿನಬೆಳಗಾದರೆ ನಡೆಯುವ ಸಂಗತಿ. ಚಿತ್ರದುರ್ಗದಲ್ಲಿ ಫ್ಯಾನು, ಮಿಕ್ಸಿ, ನೀರಿನ ಮೋಟರು ರಿಪೇರಿ ಮಾಡಿಕೊಂಡು ಬದುಕಿದವನು ನಾನು. ಕರೆಂಟು ಹೊಡೆಸಿಕೊಳ್ಳುವುದು ನನ್ನ ಕಸುಬಿನಲ್ಲೇ ಇದೆ. ಆದರೆ ಕರೆಂಟು ಕೊಟ್ಟ ಶಾಕುಗಳೆಲ್ಲ ಒಂದು ತೂಕವಾದರೆ, ಎಪ್ಪತ್ತು ದಾಟಿದ ಗಿರಾಕಿಗಳು ಕೊಟ್ಟ ಶಾಕುಗಳೇ ಒಂದು ತೂಕ. ಕರೆಂಟಿಗಾದರೆ ಮೇನ್ ಸ್ವಿಚ್ ಅಂತ ಒಂದಿರುತ್ತದೆ.

ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ, ಒಂದೇ ವರ್ಷದೊಳಗೆ ನಡೆದ ಕೆಲವನ್ನು ಹೇಳುತ್ತೇನೆ. ಆ ವರ್ಷ ನನ್ನ ಎದೆ ಎಷ್ಟು ಸಲ ಧಸಕ್ಕೆಂದಿತೋ ಲೆಕ್ಕವಿಲ್ಲ.

೧. ನಾಲ್ಕು ನಿಮಿಷ

ಎಲ್ಲ ಶುರುವಾಗಿದ್ದು ನಮ್ಮ ಅತ್ತೆಯವರು ಬಚ್ಚಲಲ್ಲಿ ಜಾರಿ ಬಿದ್ದದ್ದರಿಂದ. ಅತ್ತೆ ಅಂದರೆ ನನ್ನ ಹೆಂಡತಿಯ ತಾಯಿ. ಹೊಳಲ್ಕೆರೆಯಲ್ಲಿ ಸರ್ಕಾರಿ ನರ್ಸಮ್ಮ ಆಗಿ ರಿಟೈರ್ ಆದವರು. ಆ ಊರಿನ ಎಷ್ಟೋ ಜನರನ್ನು ಈ ಲೋಕದಲ್ಲಿ ಮೊಟ್ಟಮೊದಲು ಎತ್ತಿಕೊಂಡವರೇ ಅವರು. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ಹಾಗಿರುವುದು ಅವರಿಗೆ ತುಂಬ ಇಷ್ಟ. ಬೆಳಿಗ್ಗೆ ಎದ್ದು ಕಾಫಿ ಕುಡಿದು ಒಂದು ಸುತ್ತು ಊರು ತಿರುಗಿ, ಬಸುರಿಯರನ್ನೆಲ್ಲ ಬಾಗಿಲಲ್ಲೇ ನಿಲ್ಲಿಸಿ ಗದರಿಸಿ ಬರದಿದ್ದರೆ ಅವರಿಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ.

ಬಿದ್ದ ದಿನ ಹಾಲಿನವಳು ಬರುವ ತನಕ ಹಾಗೇ ಬಿದ್ದಿದ್ದರು. ಮೂಳೆ ಮುರಿಯಲಿಲ್ಲ, ಪುಣ್ಯ. ಆದರೆ ಮನೆಮಂದಿಯ ಪಂಚಾಯ್ತಿ ಸೇರಿತು. ಅವರ ಮಗ, ಅಂದರೆ ನನ್ನ ಬಾಮೈದ, ಭರಮಸಾಗರದಲ್ಲಿ ಮನೆ ಮಾಡಿಕೊಂಡಿದ್ದ ಹೈಸ್ಕೂಲ್ ಡ್ರಿಲ್ ಮಾಸ್ತರು. ಮಾತಾಡಿದರೆ ಸೀಟಿ ಊದಿದ ಹಾಗಿರುತ್ತಿತ್ತು.

“ಅವ್ವ, ಸಾಮಾನು ಕಟ್ಟು. ನಮ್ಮನೆಗೆ ಹೋಗಾಣ.”

“ನಿಮ್ಮನೇಲಿ ನಂದೇನು ಕೆಲ್ಸ?”

“ಕೆಲ್ಸ ಯಾಕವ್ವ? ಸುಮ್ನೆ ಕುಂತ್ಕ.”

“ಸುಮ್ನೆ ಕುಂತ್ಕಳಾದು ನಂಗೆ ಯಾರೂ ಕಲಿಸಿಲ್ಲಪ್ಪ.”

ನನ್ನ ಹೆಂಡತಿ ತಮ್ಮನ ಕಡೆ. ಅತ್ತೆಯವರ ಕಡೆ ಯಾರೂ ಇಲ್ಲ. ಅವರು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದು ಕೊನೆಗೆ ನನ್ನ ಮುಖ ನೋಡಿದರು. ನಾನು ಬಾಯಿ ತೆರೆದೆ. ಆಗಷ್ಟೇ ತಂತಿಯಿಲ್ಲದ ಕಾಲಿಂಗ್ ಬೆಲ್ಲು ಅಂಗಡಿಗಳಿಗೆ ಬಂದಿತ್ತು. ಒತ್ತುವ ಗುಂಡಿಯನ್ನು ಬಾಗಿಲಿಗೆ ಹೊಡೆಯುವ ಬದಲು ಅತ್ತೆಯವರ ಕೊರಳಿಗೆ ಹಾಕೋಣ, ಕೂಗುವ ಪೆಟ್ಟಿಗೆಯನ್ನು ಪಕ್ಕದ ಮನೆಯ ಟೈಲರ್ ಹತ್ತಿರ ಇಡೋಣ. ಬಿದ್ದರೆ ಒತ್ತುವುದು, ಟೈಲರ್ ಓಡಿ ಬರುವುದು ಎಂದೆ.

ಡ್ರಿಲ್ ಮಾಸ್ತರು ಯೋಚನೆ ಮಾಡಿ ಒಂದು ಷರತ್ತು ಹಾಕಿದ. “ಆತು ಭಾವ. ಮುಂದಿನ ದೀಪಾವಳಿ ತನಕ ನೋಡಾಣ. ಅಷ್ಟರಾಗೆ ಅವ್ವ ಗುಂಡಿ ಒತ್ತಿ ಒಂದೇ ಒಂದ್ಸಲ ಯಾರೂ ಬರ್ಲಿಲ್ಲ ಅಂದ್ರೂ ಮಾತಿಲ್ಲ, ಸೀದಾ ಭರಮಸಾಗರ.”

ಎಂಟು ದಿನಕ್ಕೆ ಅಂಗಡಿಗೆ ಫೋನ್ ಬಂತು. ಟೈಲರ್ ಏದುಸಿರು ಬಿಡುತ್ತಿದ್ದ. “ಅಣ್ಣ, ಬೇಗ ಬರ್ರಿ. ನರ್ಸಮ್ಮ...” ಅಷ್ಟರಲ್ಲಿ ಲೈನ್ ಕಟ್ಟಾಯಿತು. ನನ್ನ ಕೈಯಲ್ಲಿದ್ದ ಮಿಕ್ಸಿ ಜಾರು ನೆಲಕ್ಕೆ ಬಿತ್ತು. ಹೊಳಲ್ಕೆರೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಣ್ಣೀರು ಒರೆಸಿಕೊಂಡು ಹೋದೆ. ಓಡಿಹೋಗಿ ನೋಡಿದರೆ ಅತ್ತೆಯವರು ಕುರ್ಚಿಯಲ್ಲಿ ಕೂತು ಕೈಗಡಿಯಾರ ನೋಡುತ್ತಿದ್ದಾರೆ. ಎದುರಿಗೆ ಟೈಲರು, ಕೊರಳಲ್ಲಿ ಅಳತೆ ಟೇಪು, ತಲೆಯಲ್ಲಿ ಸೋಪಿನ ನೊರೆ. ಫೋನ್ ಮಾಡಿ ಹೋದವನು ಇನ್ನೊಂದು ಬೆಲ್ಲಿಗೆ ಸ್ನಾನದ ಮಧ್ಯೆ ಎದ್ದು ಬಂದಿದ್ದಾನೆ.

“ಅತ್ತೆ, ಏನಾಯ್ತು?”

“ಏನಾಗ್ತತೆ? ಎಷ್ಟೊತ್ತಿಗೆ ಬರ್ತಾನೆ ಅಂತ ದಿನಾ ಮೂರು ಸಲ ನೋಡ್ತೀನಿ. ಡ್ಯೂಟಿ ಅಂದ್ಮೇಲೆ ಅಭ್ಯಾಸ ಬ್ಯಾಡ್ವೇ? ನಾಕು ನಿಮಿಷ ಅಳಿಯಂದ್ರೆ! ಅಷ್ಟರಾಗೆ ಕೂಸು ಹುಟ್ಟಿ, ಅತ್ತು, ನಿದ್ದೆ ಮಾಡಿರ್ತತೆ.”

ತಿಂಗಳೊಳಗೆ ಟೈಲರ್ ಅರ್ಧ ನಿಮಿಷಕ್ಕೆ ಇಳಿದ. ಹೊಟ್ಟೆಯೂ ಕರಗಿತು. ಆ ಬೀದಿಯಲ್ಲಿ ಯಾರ ಬ್ಲೌಸೂ ಹೇಳಿದ ದಿನಕ್ಕೆ ಸಿಗದೆ ಹೋದದ್ದೊಂದೇ ನಷ್ಟ.

೨. ಹತ್ತದ ದೀಪ

ನರ್ಸಮ್ಮನ ಬೆಲ್ಲಿನ ಸುದ್ದಿ ಬಸ್ಸು ಹತ್ತಿ ಊರೂರಿಗೆ ಹೋಯಿತು. ವಯಸ್ಸಾದವರು ಇರುವ ಮನೆಗಳಿಂದ ನನಗೆ ಕರೆಯೋ ಕರೆ. ಮೊದಲನೆಯದು ನಮ್ಮ ದುರ್ಗದಲ್ಲೇ, ಅಂಗಡಿಯ ಹಿಂದಿನ ಬೀದಿಯ ಒಬ್ಬ ರಿಟೈರ್ಡ್ ಶಿರಸ್ತೇದಾರರ ಮನೆ. ಹಳೇ ಮನೆ, ಮಧ್ಯದಲ್ಲೊಂದು ಉದ್ದನೆಯ ಓಣಿ, ಹಗಲಲ್ಲೂ ಕತ್ತಲು. ಯಜಮಾನರು ಬಚ್ಚಲಿಗೆ ಹೋಗಲು ಅದನ್ನೇ ದಾಟಬೇಕು, ದೀಪ ಹಾಕದೆ ಹೋಗಿ ಎರಡು ಸಲ ಎಡವಿದ್ದರು. ಸರ್ವಿಸಿನುದ್ದಕ್ಕೂ ಕಚೇರಿಯ ದೀಪ ಆರಿಸಿ ಮನೆಗೆ ಬಂದ ಮನುಷ್ಯ. ಅಂಥವರಿಗೆ ದೀಪ ಹಾಕಿ ಅಂದರೆ ಎಲ್ಲಿ ಹಾಕುತ್ತಾರೆ?

ಅದಕ್ಕೆ ನಾನು, ಮನುಷ್ಯ ಬಂದರೆ ತಾನೇ ಹತ್ತಿಕೊಂಡು, ಹೋದರೆ ತಾನೇ ಆರುವ ದೀಪ ಹಾಕಿ ಬಂದೆ. ಅವರ ಹೆಂಡತಿ ನನ್ನ ತಲೆಗೆ ಕೈಯಿಟ್ಟು ಹರಸಿದರು.

ಹದಿನೈದು ದಿನ ಬಿಟ್ಟು ನೋಡಿಕೊಂಡು ಬರೋಣವೆಂದು ಹೋದೆ. ಓಣಿಯ ಬಾಯಲ್ಲಿ ನಿಂತು ನೋಡುತ್ತೇನೆ, ಕತ್ತಲಲ್ಲಿ ಯಜಮಾನರು ನೆಲದ ಮೇಲೆ ಬಿದ್ದಿದ್ದಾರೆ! ಕೈಕಾಲು ಆಡುತ್ತಿವೆ. “ಸಾರ್!” ಎಂದು ಕೂಗಿ ಓಡಿದೆ. ನಾನು ಓಡಿದ್ದಕ್ಕೆ ದೀಪ ಝಗ್ಗನೆ ಹತ್ತಿತು. ಯಜಮಾನರು ಅಂಬೆಗಾಲಿನಲ್ಲಿದ್ದವರು ಕತ್ತೆತ್ತಿ ಕೆಂಡಾಮಂಡಲವಾದರು.

“ಏಯ್, ಹತ್ತಿಸ್ಬಿಟ್ಯಲ್ಲಯ್ಯ! ಮೂರು ದಿನದಿಂದ ಒಂದ್ಸಲನೂ ಹತ್ತಿರ್ಲಿಲ್ಲ!”

“ಸಾರ್, ನೀವು ಬಿದ್ರಿ ಅಂದ್ಕೊಂಡೆ.”

“ಯಾಕೆ ಬೀಳ್ಲಿ? ಬಚ್ಚಲಿಗೆ ಹೋಗ್ತಾ ಇದೀನಿ. ಹಿಂಗೆ ಗೋಡೆ ಹಿಡ್ಕಂಡು ಹೋದ್ರೆ ಅದಕ್ಕೆ ಕಾಣ್ಸಲ್ಲ.”

ದೀಪದ ಕಣ್ಣು ಎಲ್ಲಿಂದ ಎಲ್ಲಿಯವರೆಗೆ ನೋಡುತ್ತದೆ ಎಂಬುದನ್ನು ಅವರು ಒಂದು ವಾರ ಕೂತು, ಎದ್ದು, ಬಗ್ಗಿ ಪತ್ತೆ ಮಾಡಿದ್ದರು. ಅವರು ಮಂಡಿಯ ಧೂಳು ಕೊಡವುತ್ತ ನನಗೇ ಬುದ್ಧಿ ಹೇಳಿದರು.

“ನೀನು ಇದನ್ನ ಯಾಕೆ ಹಾಕ್ದೆ? ನಾನು ಬೀಳಬಾರ್ದು ಅಂತ ತಾನೆ? ಅಂಬೆಗಾಲಿಡೋನು ಎಲ್ಲಿಗೆ ಬೀಳ್ತಾನಯ್ಯ?”

೩. ಸೈರನ್ ಆದ ಮೇಲೆ

ಹಿರಿಯೂರಿನ ಹತ್ತಿರ ಮಾರಿಕಣಿವೆ ಡ್ಯಾಮಿನಲ್ಲಿ ಕಾಲುವೆಗೆ ನೀರು ಬಿಡುವ ತೂಬಿನ ಕೆಲಸ ಮಾಡಿ ರಿಟೈರ್ ಆದ ಅಜ್ಜ ಒಬ್ಬರಿದ್ದರು. ಮಂಡಿ ನೋವು. ಆದರೂ ತಾರಸಿಯ ಮೇಲಿನ ಟ್ಯಾಂಕು ತುಂಬಿತೋ ಇಲ್ಲವೋ ಎಂದು ದಿನಾ ಏಣಿ ಹತ್ತಿ ಇಣುಕುವುದು ಬಿಟ್ಟಿರಲಿಲ್ಲ. ಹಿರಿಯೂರಿನಲ್ಲಿದ್ದ ಮಗಳು ಹೆದರಿ ನನ್ನನ್ನು ಕರೆಸಿದಳು. ಟ್ಯಾಂಕು ತುಂಬಿದರೆ ಕೂಗುವ ಅಲಾರಂ ಹಾಕಿದೆ. ಅಜ್ಜನಿಗೆ ಕಿವಿ ಮಂದ, ಅದಕ್ಕೇ ಕಾರ್ಖಾನೆಗೆ ಹಾಕುವಂಥ ದೊಡ್ಡ ಸೈರನ್ನು ಹೊರಗೋಡೆಗೆ ಕಟ್ಟಿದೆ. ಅದು ನನ್ನದೇ ಬುದ್ಧಿ. ಅಲ್ಲಿಗೆ ನಿಲ್ಲಿಸಬೇಕಿತ್ತು ನನ್ನನ್ನು ಯಾರಾದರೂ.

ಮುಂದೊಂದು ದಿನ ಆ ಕಡೆ ಕೆಲಸವಿತ್ತೆಂದು ಕಾಲುವೆ ಏರಿಯ ಮೇಲೆ ಮೊಪೆಡ್‌ನಲ್ಲಿ ಹೋಗುತ್ತಿದ್ದೆ. ಕೆಳಗೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು, ಒಬ್ಬ ಕುರಿ ತೊಳೆಯುತ್ತಿದ್ದ. ಇದ್ದಕ್ಕಿದ್ದಂತೆ ಸೈರನ್ ಕೂಗಿತು. ಅದರ ಹಿಂದೆಯೇ ಸೀಟಿ, ಕಿವಿ ಹರಿದುಹೋಗುವಂಥದ್ದು. ಹೆಂಗಸರು ಬಟ್ಟೆ ಬಾಚಿಕೊಂಡು ಏರಿ ಹತ್ತಿ ಓಡತೊಡಗಿದರು. ಕುರಿಯವನು ಎರಡು ಕುರಿಗಳನ್ನು ಎರಡು ಕಂಕುಳಲ್ಲಿ ಇರುಕಿಕೊಂಡು ಓಡಿದ. “ನೀರು ಬಂತು, ಓಡ್ರೋ!” ಎಂದು ಒಬ್ಬ ಮುದುಕಿ ಕೂಗಿದಳು.

ನಾನು ಹುಟ್ಟಿದ ಮೇಲೆ ಒಂದು ಸಲವೂ ಕೋಡಿ ಬಿದ್ದದ್ದು ನೋಡದ ಕಣಿವೆ ಅದು, ಒಂದು ಬೆಳಿಗ್ಗೆಗೆ ತುಂಬಿಬಿಟ್ಟಿತೇ? ಮೊಪೆಡ್ ಬಿಸಾಕಿ ನಾನೂ ಓಡಿದೆ. ಎಲ್ಲರೂ ಓಡಿ ಬಂದು ನಿಂತದ್ದು ಅಜ್ಜನ ಮನೆಯ ಮುಂದೆ. ಅಜ್ಜ ಖಾಕಿ ಟೋಪಿ ಹಾಕಿಕೊಂಡು ಬಾಯಲ್ಲಿ ಸೀಟಿ ಹಿಡಿದು ಕೈ ಎತ್ತಿ ನಿಂತಿದ್ದಾರೆ.

“ಅಜ್ಜಾರೆ, ಎಲ್ಲಿ ನೀರು?”

“ಎಲ್ಲಿ ಅಂದ್ರೆ? ನಮ್ಮನೆ ಟ್ಯಾಂಕು ತುಂಬ್ತಲ್ಲ!”

“ಅದಕ್ಯಾಕೆ ಸೀಟಿ?”

“ಸೈರನ್ ಆದ್ಮ್ಯಾಲೆ ಸೀಟಿ ಹೊಡೀಬೇಕು. ರೂಲ್ ಐತೆ.”

ಒದ್ದೆ ಸೀರೆಗಳ ಗಂಟು ಹೊತ್ತ ಹೆಂಗಸು ಸೊಂಟದ ಮೇಲೆ ಕೈಯಿಟ್ಟಳು. “ನಮಗೂ ರೂಲ್ ಐತಲ್ಲಪ್ಪ, ಇವ್ರ ಸೀಟಿ ಆದ್ರೆ ಓಡ್ಬೇಕು. ನಮ್ಮತ್ತೆ ಕಾಲ್ದಿಂದ ಓಡ್ತಾ ಇದೀವಿ.”

ಅಷ್ಟು ಹೊತ್ತೂ ತಾರಸಿಯಿಂದ ನೀರು ಧಾರಾಕಾರವಾಗಿ ನಮ್ಮೆಲ್ಲರ ಕಾಲಬುಡಕ್ಕೆ ಸುರಿಯುತ್ತಲೇ ಇತ್ತು. “ಅಜ್ಜಾರೆ, ಮೋಟ್ರು ಆಫ್ ಮಾಡಿದ್ರಾ?” ಎಂದೆ.

ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಅದು ಯಾರ ಡ್ಯೂಟಿ ಅಂತ ನೀನು ಹೇಳೇ ಇರ್ಲಿಲ್ವಲ್ಲ!”

೪. ಹತ್ತು ಗಂಟೆ ಕಾಫಿ

ಈ ಕಥೆಗಳನ್ನೆಲ್ಲ ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿ ನಗುತ್ತಿರಲಿಲ್ಲ. “ಎಲ್ಲಾರ ಮನೇಲೂ ನಿಮ್ಮ ಮಿಷನ್ನು ಹಿಂಗೇ ಆದ್ರೆ ನಮ್ಮವ್ವನ ಗತಿ ಏನ್ರಿ?” ಎನ್ನುತ್ತಿದ್ದಳು. ನಾನು ಧೈರ್ಯ ಹೇಳುತ್ತಿದ್ದೆ. ಹಿರಿಯೂರಿನ ಅಣ್ಣತಮ್ಮಂದಿರ ಪ್ರಸಂಗ ಆದ ಮೇಲೆ ಮಾತ್ರ ನನಗೇ ಧೈರ್ಯ ಉಳಿಯಲಿಲ್ಲ, ಯಾಕೆಂದರೆ ಆ ತಪ್ಪು ನನ್ನದೇ.

ಹಿರಿಯೂರಿನಲ್ಲಿ ಒಂದೇ ಮನೆಗೆ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿಕೊಂಡ ಅಣ್ಣತಮ್ಮ ಇದ್ದರು. ಇಬ್ಬರಿಗೂ ಎಪ್ಪತ್ತರ ಮೇಲೆ. ಇಬ್ಬರೂ ಮಾತು ಬಿಟ್ಟು ಹದಿನೆಂಟು ವರ್ಷ. ಕಾರಣ ಹಿತ್ತಲಿನ ನುಗ್ಗೆಮರವೋ ಏನೋ, ಅವರಿಗೂ ಸರಿಯಾಗಿ ನೆನಪಿರಲಿಲ್ಲ. ಅಣ್ಣನ ಮಗನದು ಎದುರಿಗೇ ಸೈಕಲ್ ಶಾಪು. ಅದರ ಪಕ್ಕದಲ್ಲಿ ತಮ್ಮನ ಮಗನ ಕಿರಾಣಿ ಅಂಗಡಿ. ಒಬ್ಬ ಮಗ ಬಂದು ತನ್ನಪ್ಪನಿಗೆ ಬೆಲ್ಲು ತೆಗೆದುಕೊಂಡು ಹೋದ. ಮೂರನೇ ದಿನ ಇನ್ನೊಬ್ಬ ಬಂದು, “ಅವ್ರಿಗೆ ಕೊಟ್ಟಿದ್ದಕ್ಕಿಂತ ಒಳ್ಳೇದು ಕೊಡ್ರಿ” ಎಂದ. ನಾನು ಅದೇ ಡಬ್ಬದಿಂದ ಇನ್ನೊಂದು ತೆಗೆದುಕೊಟ್ಟೆ. ಒಳಗಿನ ಸೆಟ್ಟಿಂಗ್ ಬದಲಾಯಿಸಬೇಕಿತ್ತು, ಮರೆತೆ. ಯಾರು ಒತ್ತಿದರೂ ಎರಡು ಅಂಗಡಿಯಲ್ಲೂ ಕೂಗುವ ಹಾಗಾಯಿತು.

ಮಾರನೇ ಬೆಳಿಗ್ಗೆ ಹತ್ತಕ್ಕೆ ಅಣ್ಣನಿಗೆ ಕಾಫಿ ಬೇಕೆನಿಸಿ ಒತ್ತಿದರು. ಎರಡೂ ಅಂಗಡಿಯಿಂದ ಮಕ್ಕಳು ಎದ್ದುಬಿದ್ದು ಓಡಿ ತಮ್ಮ ತಮ್ಮ ಅಪ್ಪನ ಮುಂದೆ ನಿಂತರು. ತಮ್ಮ ಆರಾಮಾಗಿ ಪೇಪರ್ ಓದುತ್ತಿದ್ದರು.

“ಅಪ್ಪಾ, ಏನಾತು?”

“ಏನೂ ಆಗಿಲ್ಲ. ಯಾಕೋ ಬೆವ್ತಿದೀಯ?”

“ಬೆಲ್ ಒತ್ತಿದ್ರಲ್ಲ!”

“ಮುಟ್ಟೇ ಇಲ್ಲ ನಾನು. ಮುಟ್ಟಿದ್ರೆ ಹಿಂಗೆ ಒತ್ತಿರ್ತಿದ್ದೆ,” ಎಂದು ಒತ್ತಿ ತೋರಿಸಿದರು. ಆಗತಾನೆ ಅಂಗಡಿಗೆ ಹಿಂತಿರುಗಿ ಕೂತಿದ್ದ ಅಣ್ಣನ ಮಗ ಪಂಕ್ಚರ್ ಟ್ಯೂಬು ಹಿಡಿದುಕೊಂಡೇ ಮತ್ತೆ ಓಡಿದ. ಎರಡು ದಿನ ಹೀಗೇ ಓಡಾಡಿ ಇಬ್ಬರೂ ನನ್ನ ಅಂಗಡಿಗೆ ಬಂದು ಬಾಯಿಗೆ ಬಂದಂತೆ ಬೈದರು.

ಸ್ಕ್ರೂಡ್ರೈವರ್ ಹಿಡಿದು ಓಡಿದೆ. ಅಣ್ಣನ ಗುಂಡಿ ಬಿಚ್ಚಲು ಹೋದರೆ ಆತ ನನ್ನ ಕೈ ಹಿಡಿದುಕೊಂಡರು, ಮಗನಿಗೆ ಕೇಳದಂತೆ ಪಿಸುಗುಟ್ಟಿದರು. “ಸರಿ ಮಾಡ್ಬ್ಯಾಡಪ್ಪ.”

“ಅಲ್ರೀ ಯಜಮಾನ್ರೆ, ಗೋಡೆ ಆ ಕಡೆಯೋರ ಬೆಲ್ಲು ನಿಮ್ಮ ಮಗನ ಅಂಗ್ಡೀಲಿ ಕೂಗ್ತೈತೆ.”

“ಅದೇ ಮತ್ತೆ. ನಾನು ಒತ್ತದೆ ಅಂಗ್ಡೀಲಿ ಬೆಲ್ಲಾದ್ರೆ ಅವ್ನು ಒತ್ತಿದ ಅಂತ. ಎದ್ದವ್ನೆ, ಕಾಫಿ ಕೇಳ್ತಾವ್ನೆ ಅಂತ ಗೊತ್ತಾಗ್ತತೆ. ಮಾತು ಬಿಟ್ಟೀನಿ ಕಣಯ್ಯ, ತಮ್ಮನ್ನ ಬಿಟ್ಟಿಲ್ಲ.”

ಕಣ್ಣೊರೆಸಿಕೊಂಡು ಗೋಡೆಯ ಆ ಕಡೆ ಹೋದೆ. ತಮ್ಮ ನನ್ನ ಕಿವಿ ಹತ್ತಿರ ಬಂದು, “ಸರಿ ಮಾಡ್ದಂಗೆ ಮಾಡು. ಮಾಡ್ಬ್ಯಾಡ,” ಎಂದರು! ನಾನು ದಂಗಾಗಿ ಹೋದೆ. ಕೊನೆಗೆ ಮಕ್ಕಳಿಬ್ಬರಿಗೂ, ಒಂದು ಸಲ ಕೂಗಿದರೆ ಅಣ್ಣನದು, ಎರಡು ಸಲ ಕೂಗಿದರೆ ತಮ್ಮನದು ಎಂದು ಒಪ್ಪಿಸಿ ಬಂದೆ.

ಅಣ್ಣತಮ್ಮ ಮಾತಾಡಿದರೇ ಅಂತೀರಾ? ಇಲ್ಲಪ್ಪ. ತಮ್ಮ ಕಾಫಿಗೆ ಐದು ನಿಮಿಷ ತಡ ಮಾಡಿದರೆ ಮಾತ್ರ ಅಣ್ಣ ನುಗ್ಗೆಮರದ ಕಡೆ ಮುಖ ಮಾಡಿ ಜೋರಾಗಿ, “ಕೆಲವ್ರಿಗೆ ಇನ್ನೂ ಬೆಳಗಾಗಿಲ್ಲ ಅಂತ ಕಾಣ್ತೈತೆ!” ಎನ್ನುತ್ತಾರಂತೆ. ತಕ್ಷಣ ಎರಡು ಸಲ ಬೆಲ್ಲಾಗುತ್ತದಂತೆ.

೫. ಟಗರಿನ ಕೊರಳು

ಹೊಸದುರ್ಗದ ಕಡೆ ಕುರಿ ಸಾಕುವ ಮನೆಯೊಂದರ ಅಜ್ಜನಿಗೆ ಮನೆಯಲ್ಲಿ ಕೂರುವುದೆಂದರೆ ಆಗದು. ಮನೆಯಿಂದ ಕೂಗಳತೆ ದೂರದಲ್ಲಿ ಕುರಿ ಕೂಡುವ ರೊಪ್ಪದಲ್ಲೇ ಹಗಲೆಲ್ಲ ಇರಬೇಕು. ತಲೆ ಸುತ್ತು ಬರುತ್ತಿತ್ತೆಂದು ಸೊಸೆಗೆ ಭಯ. ಅಜ್ಜನಿಗೆ ಗುಂಡಿ, ಸೊಸೆಯ ಅಡಿಗೆಮನೆಗೆ ಪೆಟ್ಟಿಗೆ.

ವಾರ ಕಳೆಯುವುದರೊಳಗೆ ಆ ಹೆಣ್ಣುಮಗಳು ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ ಅತ್ತಳು. “ದಿನಕ್ಕೆ ಏಳೆಂಟು ಸಲ ಬೆಲ್ಲಾಗ್ತತಣ್ಣ. ಮುದ್ದೆ ಕೋಲು ಹಿಡ್ಕಂಡೇ ಓಡ್ತೀನಿ. ಹೋದ್ರೆ ಮಾವ ಬೀಡಿ ಸೇದ್ತಾ ಕುಂತಿರ್ತಾರೆ!”

ಹೋದೆ. ಅಜ್ಜ ಬೇವಿನಮರದ ಕೆಳಗೆ ಕೂತಿದ್ದರು, ಕೊರಳು ಬರಿದು.

“ತಾತ, ಗುಂಡಿ ಎಲ್ಲಿ?”

“ಅಕಾ, ಅಲ್ಲಿ.”

ತೋರಿಸಿದ ಕಡೆ ಕರುವಿನಷ್ಟೆತ್ತರದ ಒಂದು ಟಗರು. ಅದರ ಕೊರಳಿನ ಬಣ್ಣದ ದಾರದಲ್ಲಿ ನನ್ನ ಗುಂಡಿ ನೇತಾಡುತ್ತಿದೆ!

“ಅದಕ್ಯಾಕೆ ಕಟ್ಟಿದ್ರಿ ತಾತ?”

“ಕಳ್ರು ಬಂದ್ರೆ ನನ್ನ ಎತ್ಕಂಡು ಹೋಗ್ತಾರೇನಪ್ಪ? ಹೊತ್ಕಂಡು ಹೋದ್ರೂ ಮೂರು ಹೊತ್ತು ಮುದ್ದೆ ಹಾಕ್ಬೇಕು. ಟಗರನ್ನ ಎತ್ಕಂಡು ಹೋಗ್ತಾರೆ. ನಿನ್ನ ಬೆಲ್ಲು ಯಾರಿಗೆ ಬೇಕು ಹೇಳು?”

ನಾವು ಮಾತಾಡುತ್ತಿದ್ದ ಹಾಗೇ ಟಗರು ಎದ್ದು, ನಿಧಾನಕ್ಕೆ ಬೇಲಿಯ ಗೂಟದ ಹತ್ತಿರ ಹೋಗಿ, ಗುಂ‌ಡಿ ಸರಿಯಾಗಿ ಗೂಟಕ್ಕೆ ತಾಗುವಂತೆ ಕೊರಳೊತ್ತಿ ನಿಂತು ಮನೆಯ ದಾರಿ ನೋಡತೊಡಗಿತು. ಸೊಸೆ ಓಡುತ್ತ ಬಂದಳು, ಮಡಿಲಲ್ಲಿ ಒಂದು ಹಿಡಿ ಹುರುಳಿ. ಮೊದಲ ದಿನ ಗಾಬರಿಯಾಗಿ ಓಡಿ ಬಂದಾಗ ಎಲ್ಲ ಕ್ಷೇಮ ಎಂಬ ಖುಷಿಗೆ ಟಗರಿಗೆ ಹುರುಳಿ ತಿನ್ನಿಸಿದ್ದಳಂತೆ. ಅಷ್ಟೇ. ಅಲ್ಲಿಂದ ಅದಕ್ಕೆ ಹಸಿವಾದಾಗಲೆಲ್ಲ ಬೆಲ್ಲು.

ಬಿಚ್ಚಲು ಹೋದೆ, ಟಗರು ನನ್ನನ್ನು ಗುದ್ದಿ ಕೆಡವಿತು. ಅಜ್ಜನಿಗೆ ಬೇರೆ ಗುಂಡಿ ಕೊಟ್ಟು ಉಡಿದಾರಕ್ಕೆ ಕಟ್ಟಿ, ಬಿಚ್ಚುವುದಿಲ್ಲವೆಂದು ಆಣೆ ಹಾಕಿಸಿಕೊಂಡು, ಟಗರಿನ ಗುಂಡಿಯ ಸೆಲ್ಲು ಹೇಗೋ ತೆಗೆದು ಬಂದೆ. ನನ್ನ ಗಿರಾಕಿಗಳಲ್ಲಿ ಯಾರೂ ಹೇಳಿಕೊಡದೆ ಆ ಬೆಲ್ಲನ್ನು ಸರಿಯಾಗಿ ಉಪಯೋಗಿಸಲು ಕಲಿತದ್ದು ಅದೊಂದೇ.

೬. ಎಣ್ಣೆಸ್ನಾನ

ಇಷ್ಟರಲ್ಲಿ ದೀಪಾವಳಿ ಬಂದೇಬಿಟ್ಟಿತು. ಹೊಳಲ್ಕೆರೆಯ ಬೆಲ್ಲು ಒಂದು ಸಲವೂ ತಪ್ಪಿರಲಿಲ್ಲ. ಅತ್ತೆಯವರು ಗೆದ್ದರು ಎಂದೇ ನಾನು ನಂಬಿದ್ದೆ. ಹಬ್ಬದ ಹಿಂದಿನ ದಿನ ಅವರ ಫೋನು. ಯಾವತ್ತೂ ನಡುಗದ ಆ ಧ್ವನಿ ಅವತ್ತು ನಡುಗುತ್ತಿತ್ತು.

“ಅಳಿಯಂದ್ರೆ, ಭರಮಸಾಗರದಿಂದ ಇವ್ನು ಬಂದವ್ನೆ. ಹೆಂಡ್ತಿ ಮಕ್ಳನ್ನ ಅವ್ರ ತವರಿಗೆ ಹಬ್ಬಕ್ಕೆ ಕಳಿಸಿ ಒಬ್ನೇ ಬಂದವ್ನೆ. ನನ್ನ ಕರ್ಕಂಡು ಹೋಗಾಕೆ ನಾಳೆಗೆ ವ್ಯಾನು ಹೇಳ್ಯವ್ನಂತೆ. ಬೆಲ್ಲು ಒಂದ್ಸಲನೂ ತಪ್ಪಿಲ್ವಲ್ಲೋ ಅಂದ್ರೆ, ಪ್ರಾಕ್ಟೀಸೇ ಬ್ಯಾರೆ, ಮ್ಯಾಚೇ ಬ್ಯಾರೆ ಅಂತಾನೆ. ನೀನು ನಿಜವಾಗ್ಲೂ ಬಿದ್ದೇ ಇಲ್ವಲ್ಲವ್ವ, ಬಿದ್ದಾಗ ಕೆಲ್ಸ ಮಾಡ್ತತೆ ಅಂತ ಏನು ಗ್ಯಾರಂಟಿ ಅಂತಾನೆ. ಅದಕ್ಕೋಸ್ಕರ ಬೀಳ್ಳೇನ್ರಿ ನಾನು?”

ನನಗೆ ಸಿಟ್ಟು ಬಂತು, ಸಂಕಟವೂ ಆಯಿತು. ಪಕ್ಕದಲ್ಲಿದ್ದ ಹೆಂಡತಿ, “ಅವ್ನು ಹೇಳಾದ್ರಾಗೆ ತಪ್ಪೇನೈತೆ?” ಎಂದಳು. ಮಾರನೇ ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟೆವು. ಒಂದು ಮಾತಾದರೂ ಆಡಿ ನೋಡೋಣವೆಂದು ನಾನು, ತಾಯಿಯ ಬಟ್ಟೆಬರೆ ಕಟ್ಟಲೆಂದು ಅವಳು.

ಬೀದಿಯ ತಿರುವಿಗೆ ಬಂದಾಗ ಏಳೂವರೆ ಇರಬಹುದು. ನೋಡಿದರೆ ಜನ ಓಡುತ್ತಿದ್ದಾರೆ. ಹೂವಿನವಳು ಬುಟ್ಟಿ ಬಿಟ್ಟು ಓಡುತ್ತಿದ್ದಾಳೆ, ಎದುರುಮನೆಯವರು ರಂಗೋಲಿ ತುಳಿದುಕೊಂಡು ಓಡುತ್ತಿದ್ದಾರೆ. ಎಲ್ಲರೂ ಅತ್ತೆಯವರ ಮನೆಗೇ. ವ್ಯಾನು ಬಾಗಿಲಲ್ಲೇ ನಿಂತಿದೆ, ಡ್ರೈವರ್ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದಾನೆ. ಸಾಬೀತು ಮಾಡಲೆಂದು ಈ ಹೆಂಗಸು ನಿಜವಾಗಲೂ ಬಿದ್ದುಬಿಟ್ಟಳೇ? ನಾನು ಕಟ್ಟಿದ ಗುಂಡಿಗೋಸ್ಕರ?

ಹೆಂಡತಿ “ಅವ್ವಾ!” ಎಂದು ಚೀರಿ ಜನರನ್ನು ತಳ್ಳಿಕೊಂಡು ಒಳಗೆ ನುಗ್ಗಿದಳು. ಹಿಂದೆಯೇ ನಾನು. ನಡುಮನೆಯಲ್ಲಿ ಮಂಚ, ಮಂಚದ ಮೇಲೆ ತಲೆಯಿಂದ ಪಾದದವರೆಗೆ ಬಿಳಿ ಪಂಚೆ ಹೊದಿಸಿ ಯಾರನ್ನೋ ಮಲಗಿಸಿದ್ದಾರೆ. ಅವಳು ಕಾಲ ಮೇಲೆ ಬಿದ್ದು, “ಅವ್ವಾ, ನನ್ನ ಬಿಟ್ಟು ಹೋದ್ಯೇನವ್ವಾ! ನಾನೇ ನಿನ್ನ ಕೊಂದೆ ಕಣವ್ವಾ!” ಎಂದು ಗೋಳಾಡಿದಳು. ನಾನೂ ಗೋಡೆಗೊರಗಿ ಬಿಕ್ಕಿಬಿಕ್ಕಿ ಅತ್ತೆ. ಸತ್ಯವಾಗಿಯೂ ಅತ್ತೆ.

ಬೆನ್ನ ಹಿಂದಿನಿಂದ ಧ್ವನಿ ಬಂತು.

“ಯಾರೇ ಹೋಗಿದ್ದು? ಅಳಾದು ಬಿಟ್ಟು ಬಿಸಿನೀರು ತಗಂಬಾ. ಅವ್ನ ಕಾಲು ಬಿಡು, ಅದೇ ಉಳುಕಿರೋದು!”

ತಿರುಗಿದರೆ ಅತ್ತೆಯವರು! ಕೈಯಲ್ಲಿ ಬ್ಯಾಂಡೇಜಿನ ಸುರುಳಿ, ಕೊರಳಲ್ಲಿ ಗುಂಡಿ. ಮಂಚದ ಮೇಲಿನ ಪಂಚೆಯೊಳಗಿಂದ ಡ್ರಿಲ್ ಮಾಸ್ತರು, “ಅಯ್ಯೋ ಕಾಲು!” ಎಂದು ಕಿರುಚಿದ. ನನ್ನ ಹೆಂಡತಿ ಹೌಹಾರಿ ನನ್ನ ಮೇಲೆಯೇ ಬಿದ್ದಳು.

ಆದದ್ದಿಷ್ಟು. ಹಬ್ಬದ ಎಣ್ಣೆಸ್ನಾನ. ಮಗನನ್ನು ಮಣೆಯ ಮೇಲೆ ಕೂರಿಸಿ ಅತ್ತೆಯವರು ತಲೆಗೆ, ಬೆನ್ನಿಗೆ, ಕೈಕಾಲಿಗೆ ಕೈ ಬಿಚ್ಚಿ ಎಣ್ಣೆ ಹಚ್ಚಿದ್ದಾರೆ. ಇನ್ನು ಮುಂದೆ ತನ್ನ ಮನೆ ಅಂತ ಒಂದಿರುವುದಿಲ್ಲ, ಈ ಮನೆಯಲ್ಲಿ ಮಗನಿಗೆ ಎಣ್ಣೆ ಹಚ್ಚುವುದು ಇದೇ ಕೊನೆ ಎಂಬ ಸಂಕಟಕ್ಕೆ ಎರಡು ಬಟ್ಟಲು ಜಾಸ್ತಿಯೇ ಸುರಿದಿದ್ದಾರೆ. ಆ ಬಚ್ಚಲಿಗೆ ಒಳಚಿಲಕವಿಲ್ಲ, ಅತ್ತೆಯವರು ಬಿದ್ದ ಮೇಲೆ ನಾನೇ ತೆಗೆದಿದ್ದೆ. ಸ್ನಾನಕ್ಕೆ ಒಳಗೆ ಹೋದ ಮಾಸ್ತರಿಗೆ ನಾಚಿಕೆ. ನೀರು ತುಂಬಿದ ಕೊಳಗವನ್ನು ಬಾಗಿಲಿಗೆ ಅಡ್ಡ ಎಳೆಯಲು ಹೋಗಿ, ಕಾಲು ಜಾರಿ, ದಢಾರನೆ ಬಿದ್ದ. ಬಿದ್ದದ್ದೂ ಬಾಗಿಲಿಗೆ ಅಡ್ಡವಾಗಿ. ಅತ್ತೆಯವರು ತಳ್ಳಿದರೆ ಬಾಗಿಲು ಅಲ್ಲಾಡಲಿಲ್ಲ. ಗುಂಡಿ ಒತ್ತಿದರು.

ಟೈಲರ್ ಬಂದ. ಬಂದು ನೋಡಿ ಬೀದಿಗೆ ಕೂಗಿದ. ನಾಲ್ಕು ಜನ ಸೇರಿ ಬಾಗಿಲು ತಳ್ಳಿ ಮಾಸ್ತರನ್ನು ಹೊರಗೆ ತಂದರು. ಹುಟ್ಟಿದಾಗ ಹೇಗಿದ್ದನೋ ಹಾಗೇ, ಎಣ್ಣೆಯೊಂದು ಹೆಚ್ಚಿಗೆ. ಹಿಡಿದರೆ ಜಾರುತ್ತಿದ್ದನಂತೆ, ಎರಡು ಸಲ ಕೈತಪ್ಪಿದನಂತೆ. ನಡುಮನೆಯ ತುಂಬ ಹೆಣ್ಣುಮಕ್ಕಳು. ಅವನು ಕೈ ಎಲ್ಲಿಡಬೇಕೆಂದು ತಿಳಿಯದೆ ಕೂಗಾಡುವಾಗ ಅತ್ತೆಯವರು ಪಂಚೆ ಎಸೆದು ಗದರಿದರಂತೆ. “ನಾಚ್ಕೆ ಯಾಕೋ? ಇಲ್ಲಿ ನಿಂತಿರೋರ್ನೆಲ್ಲ ನಾನು ಹಿಂಗೇ ನೋಡೀನಿ.” ಆಮೇಲೆ ಅವನು ಮುಖ ತೋರಿಸಲಾರದೆ ಪಂಚೆಯನ್ನು ತಲೆಯ ಮೇಲೆ ಎಳೆದುಕೊಂಡು ಮಲಗಿದ್ದ. ಅದನ್ನು ನೋಡಿಯೇ ಡ್ರೈವರ್ ಟೋಪಿ ತೆಗೆದದ್ದು.

ಡಾಕ್ಟರು ಬಂದು ಕಾಲು ಮುಟ್ಟಿ ನೋಡಿದರು. ಮೂರು ವಾರ ನೆಲಕ್ಕೆ ಊರಬಾರದು, ವ್ಯಾನು ಗೀನು ಅಂತ ಕುಲುಕಾಡಬಾರದು ಎಂದರು. ಜನ ಒಬ್ಬೊಬ್ಬರೇ ಹೋದರು. ಡ್ರೈವರ್ ಬಾಗಿಲಲ್ಲಿ ನಿಂತು, “ಮತ್ತೆ ಈಗ ಯಾರನ್ನ ಕರ್ಕಂಡು ಹೋಗ್ಬೇಕ್ರಿ?” ಎಂದು ಕೇಳಿದ.

ನನ್ನ ಹೆಂಡತಿ ತಾಯಿಯ ಕೈ ಹಿಡಿದುಕೊಂಡು ಕೂತಿದ್ದಳು, ಬಿಡುತ್ತಲೇ ಇರಲಿಲ್ಲ. ಮೆಲ್ಲಗೆ, “ಅವ್ವ, ಭರಮಸಾಗರದ್ದು ಏನ್ಮಾಡಾಣ?” ಎಂದಳು.

ಅತ್ತೆಯವರು ತಮ್ಮ ಕೊರಳಿನ ಗುಂಡಿ ತೆಗೆದು ಮಗನ ಕೊರಳಿಗೆ ಹಾಕಿ, ಪಂಚೆ ಸರಿಮಾಡಿ, ಅವನ ತಲೆ ಸವರಿದರು.

“ಭರಮಸಾಗರ ಇರ್ಲಿ ಬಿಡೇ. ಇಂಥೋನ್ನ ಅಲ್ಲಿ ಒಬ್ನನ್ನೇ ಹೆಂಗೆ ಬಿಡಾದು? ವಯಸ್ಸಾತು ಇವ್ನಿಗೆ. ನಮ್ಮ ಕಣ್ಣೆದುರಿಗೇ ಇರ್ಲಿ.”